ನಿರ್ವಹಣಾ ಆಟಗಳ ಮುಖಚಿತ್ರ: ಒಂದು ವಿವೇಚನೆ

ಗ್ರಂಥಕ್ಕೆ ಮುಖಪುಟವಿರುವಂತೆ ವಿಡಿಯೊ ಆಟಕ್ಕೂ ಒಂದು ಮುಖಚಿತ್ರವಿರುತ್ತದೆ. ಆದರೆ ಇವೆರಡಕ್ಕೂ ಇರುವ ಅಂತರವನ್ನು ಮೊದಲೇ ಗಮನಿಸತಕ್ಕದ್ದು. ಪುಸ್ತಕದ ಅಂಗಡಿಯಲ್ಲಿ ನಿಂತವನು ಮುಖಪುಟದಿಂದ ಆಕೃಷ್ಟನಾದರೂ ನಾಲ್ಕು ಹಾಳೆ ತಿರುವಿ ನೋಡಬಲ್ಲನು. ಆಟಗಳ ವಿದ್ಯುನ್ಮಾನ ಮಳಿಗೆಯಲ್ಲಿ ಗ್ರಾಹಕನ ಬೆರಳು ತೆರೆಯ ಮೇಲೆ ಜಾರುತ್ತಿರುತ್ತದೆ. ನೂರಾರು ಚಿತ್ರಗಳು ಒಂದರ ಹಿಂದೊಂದು ಸರಿದುಹೋಗುತ್ತವೆ. ಅವನ ಬೆರಳನ್ನು ಕ್ಷಣಕಾಲ ತಡೆಯಬಲ್ಲುದು ಈ ಪುಟ್ಟ ಚಿತ್ರವೊಂದೇ. ವರ್ಷಗಟ್ಟಲೆ ದುಡಿದು ಆಟವೊಂದನ್ನು ರಚಿಸಿದ ಇಬ್ಬರು ಮೂವರ ಜೀವನೋಪಾಯ ಇದರ ಮೇಲೆ ನಿಂತಿರುವುದುಂಟು. ಕೊಳ್ಳುವವನ ನಂಬಿಕೆಯೂ ಇದರ ಮೇಲೆಯೇ ನಿಂತಿದೆ. ಆದುದರಿಂದ ಇಂತಹ ಚಿತ್ರದ ಗುಣದೋಷಗಳನ್ನು ನಿರ್ಣಯಿಸುವ ಬಗೆ ಯಾವುದೆಂಬ ಪ್ರಶ್ನೆ ಕ್ಷುದ್ರವಾದುದಲ್ಲ.

ಇಲ್ಲಿ ನಾವು ಎತ್ತಿಕೊಂಡಿರುವುದು ಲಘು ನಿರ್ವಹಣಾ ಆಟಗಳನ್ನು ಮಾತ್ರ. ಹೋಟೆಲು, ಆಸ್ಪತ್ರೆ, ತೋಟ, ಅಂಗಡಿ ಮುಂತಾದ ಯಾವುದಾದರೊಂದು ವ್ಯವಹಾರವನ್ನು ಆಡುವವನಿಗೆ ವಹಿಸಿಕೊಟ್ಟು, ಕಾಲ, ಹಣ, ಜನ ಈ ಮೂರನ್ನೂ ಹದವರಿತು ನಡೆಸುವಂತೆ ಮಾಡುವುದು ಇವುಗಳ ಸ್ವರೂಪ. 2004ರಲ್ಲಿ ಗೇಮ್‌ಲ್ಯಾಬ್ ಸಂಸ್ಥೆ ರಚಿಸಿ ಪ್ಲೇಫಸ್ಟ್ ಸಂಸ್ಥೆ ಪ್ರಕಟಿಸಿದ 'ಡೈನರ್ ಡ್ಯಾಶ್' ಈ ಪಂಥದ ಪ್ರಸಿದ್ಧ ನಿದರ್ಶನ. ಕಚೇರಿಯ ಕಾಗದಪತ್ರಗಳ ರಾಶಿಯಿಂದ ಬೇಸತ್ತು ಕೆಲಸ ಬಿಟ್ಟ ಫ್ಲೋ ಎಂಬಾಕೆ ಸ್ವಂತ ಉಪಾಹಾರಗೃಹ ನಡೆಸತೊಡಗುತ್ತಾಳೆ. ಬಂದವರನ್ನು ಕೂರಿಸುವುದು, ಬೇಕಾದುದನ್ನು ಕೇಳಿ ಬರೆದುಕೊಳ್ಳುವುದು, ಬಡಿಸುವುದು, ಬಿಲ್ಲು ಕೊಡುವುದು, ಎಂಜಲು ತಟ್ಟೆ ಎತ್ತುವುದು, ಇಷ್ಟೇ ಆಟ. ತಡವಾದಂತೆಲ್ಲ ಗಿರಾಕಿಗಳ ತಾಳ್ಮೆ ಕುಗ್ಗುತ್ತದೆ. ಒಂದೇ ಬಗೆಯ ಕೆಲಸವನ್ನು ಸಾಲಾಗಿ ಮಾಡಿ ಮುಗಿಸಿದವರಿಗೆ ಹೆಚ್ಚಿನ ಅಂಕಗಳು ದೊರೆಯುತ್ತವೆ.

ಮುಖಚಿತ್ರದ ಮೊದಲನೆಯ ಪರೀಕ್ಷೆ ಅಳತೆಯದು. ಚಿತ್ರಕಾರನು ಅದನ್ನು ದೊಡ್ಡ ತೆರೆಯ ಮೇಲೆ ಬಿಡಿಸುತ್ತಾನೆ. ಗ್ರಾಹಕನು ಕಾಣುವುದಾದರೋ ಹೆಬ್ಬೆರಳಿನಷ್ಟನ್ನು. ಸ್ಟೀಮ್ ಮಳಿಗೆಯವರು ಕೇಳುವ ಚಿಕ್ಕ ಚಿತ್ರದ ಅಳತೆ 462×174 ಚಿತ್ರಬಿಂದುಗಳು. ಹುಡುಕಾಟದ ಪಟ್ಟಿಗಳಲ್ಲಿ ಅದನ್ನು ಇನ್ನೂ ಕುಗ್ಗಿಸಿ ತೋರಿಸುತ್ತಾರೆ. ಗೂಗಲ್ ಪ್ಲೇ ಮಳಿಗೆ 512×512ರ ಲಾಂಛನವನ್ನೂ 1024×500ರ ಅಗಲ ಚಿತ್ರವನ್ನೂ ಕೇಳುತ್ತದೆ. ಆ ಲಾಂಛನವೂ ಕೈಫೋನಿನಲ್ಲಿ ಅಂಚೆಚೀಟಿಗಿಂತ ಕಿರಿದಾಗಿ ಕಾಣುತ್ತದೆ. ನಿರ್ವಹಣಾ ಆಟದ ಚಿತ್ರಕಾರನಿಗೆ ಇಲ್ಲಿ ವಿಶೇಷವಾದ ಪ್ರಲೋಭನೆಯೊಂದುಂಟು. ಹತ್ತು ಮೇಜು, ಇಪ್ಪತ್ತು ಗಿರಾಕಿಗಳು, ಒಲೆ, ನಾಣ್ಯದ ರಾಶಿ ಎಲ್ಲವೂ ಆಟದಲ್ಲಿರುವುದರಿಂದ ಎಲ್ಲವನ್ನೂ ಚಿತ್ರದಲ್ಲಿ ತುಂಬುವ ಆಸೆ ಹುಟ್ಟುತ್ತದೆ. ಕುಗ್ಗಿಸಿದಾಗ ಅದು ಬಣ್ಣದ ಹುಡಿಯಾಗಿ ಉಳಿಯುತ್ತದೆ. ಪರೀಕ್ಷಕನು ಚಿತ್ರವನ್ನು ಅದರ ಅತಿ ಚಿಕ್ಕ ಅಳತೆಗೆ ಇಳಿಸಿ, ಬಣ್ಣ ತೆಗೆದು ಕಪ್ಪು ಬಿಳುಪಾಗಿಸಿ ನೋಡಲಿ. ಆಗಲೂ ಒಂದು ಆಕೃತಿ ಮತ್ತು ಆಟದ ಹೆಸರು ಇವೆರಡು ಸ್ಪಷ್ಟವಾಗಿ ಉಳಿದರೆ ಚಿತ್ರ ಮೊದಲ ಮೆಟ್ಟಿಲನ್ನು ಹತ್ತಿತೆನ್ನಬಹುದು.

ಎರಡನೆಯದು ಔಚಿತ್ಯದ ಪರೀಕ್ಷೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾಧಿಸಿದನಷ್ಟೆ. ಅಲಂಕಾರವು ತನ್ನ ಸ್ಥಾನದಲ್ಲಿದ್ದರೆ ಮಾತ್ರ ಶೋಭೆ ಎಂಬ ಆ ತತ್ತ್ವ ಈ ಕಿರುಚಿತ್ರಕ್ಕೂ ಸಲ್ಲುತ್ತದೆ. ನಿರ್ವಹಣಾ ಆಟದ ಜೀವಾಳ ಅದರ ನಾಮಪದಗಳಲ್ಲಿಲ್ಲ, ಕ್ರಿಯಾಪದದಲ್ಲಿದೆ. ಕಟ್ಟಡವೊಂದನ್ನು ಬರೆದರೆ ಅದು ಹೋಟೆಲೆಂದು ತಿಳಿದೀತು; ಅಲ್ಲಿ ನಾನು ಏನು ಮಾಡಬೇಕೆಂಬುದು ತಿಳಿಯದು. ತಟ್ಟೆಗಳನ್ನು ಹೊತ್ತು ಓಡುವ ಪರಿಚಾರಿಕೆಯನ್ನು ಬರೆದರೆ ಸ್ಥಳ, ಕೆಲಸ, ಅವಸರ ಮೂರೂ ಒಮ್ಮೆಗೇ ಹೊಳೆಯುತ್ತವೆ. ಜೊತೆಗೆ ಆಟದ ಭಾವವೂ ತಿಳಿಯಬೇಕು. ಈ ಆಟಗಳಲ್ಲಿ ತರಾತುರಿಯಿದೆ, ಭಯವಿಲ್ಲ, ಸೋಲಿದೆ, ದುಃಖವಿಲ್ಲ. ಬೆವರಿನ ನಡುವೆಯೂ ಮುಖದಲ್ಲಿ ನಗೆಯಿರುವ ಆಕೃತಿ ಇದಕ್ಕೆ ಒಪ್ಪುತ್ತದೆ. ಹಲ್ಲು ಕಚ್ಚಿ ಗರ್ಜಿಸುವ ವೀರನ ಮುಖ ಒಪ್ಪದು. 2018ರ 'ಟೂ ಪಾಯಿಂಟ್ ಹಾಸ್ಪಿಟಲ್' ಆಟದಲ್ಲಿ ತಲೆಯ ಜಾಗದಲ್ಲಿ ವಿದ್ಯುದ್ದೀಪದ ಬುರುಡೆಯುಳ್ಳ ರೋಗಿಗಳು ಬರುತ್ತಾರೆ. ಅಂತಹ ರೋಗಿಯೊಬ್ಬನನ್ನು ವೈದ್ಯನ ಮುಂದೆ ಕೂರಿಸಿದರೆ ಸಾಕು. ಇದು ಆಸ್ಪತ್ರೆ, ಆದರೆ ವಿನೋದದ ಆಸ್ಪತ್ರೆ ಎಂಬುದು ಧ್ವನಿತವಾಗುತ್ತದೆ. ಹತ್ತು ಸಂಗತಿಗಳನ್ನು ಹೇಳುವುದಕ್ಕಿಂತ ಒಂದರಿಂದ ಹತ್ತನ್ನು ಸೂಚಿಸುವುದು ಮೇಲು.

ಮೂರನೆಯದು, ನನ್ನ ಮತದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಸತ್ಯದ ಪರೀಕ್ಷೆ. ಮುಖಚಿತ್ರ ಒಂದು ವಾಗ್ದಾನ. ಆಟದೊಳಗಿನ ಬಿಂಬಕ್ಕಿಂತ ಚಿತ್ರ ಹೆಚ್ಚು ನಯವಾಗಿದ್ದರೆ ದೋಷವಿಲ್ಲ. ಅದು ಕಲೆಯ ಸ್ವಾತಂತ್ರ್ಯ. ಆದರೆ ಆಟದಲ್ಲಿಲ್ಲದ ಕೆಲಸವನ್ನು ಇದೆಯೆಂದು ತೋರಿಸುವುದು ಬೇರೆ ಮಾತು. ಪ್ಲೇರಿಕ್ಸ್ ಸಂಸ್ಥೆಯ 'ಹೋಮ್‌ಸ್ಕೇಪ್ಸ್' ಮತ್ತು 'ಗಾರ್ಡನ್‌ಸ್ಕೇಪ್ಸ್' ಆಟಗಳ ಜಾಹೀರಾತುಗಳ ಪ್ರಸಂಗ ಇಲ್ಲಿ ಸ್ಮರಣೀಯ. ಈ ಆಟಗಳಲ್ಲಿ ಮುಖ್ಯವಾಗಿ ಮಾಡಬೇಕಾದುದು ಒಂದೇ ಬಗೆಯ ಮೂರು ವಸ್ತುಗಳನ್ನು ಸಾಲುಗೂಡಿಸಿ, ಗೆದ್ದುದರಿಂದ ಮನೆಯನ್ನೋ ತೋಟವನ್ನೋ ದುರಸ್ತಿಗೊಳಿಸುವುದು. ಜಾಹೀರಾತುಗಳಾದರೋ ಸರಳುಗಳನ್ನು ಎಳೆದು ಬಿಡಿಸುವ ಬೇರೊಂದು ಬಗೆಯ ಒಗಟನ್ನು ತೋರಿಸಿದವು. 2020ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯು ಇವು ಜನರನ್ನು ತಪ್ಪುದಾರಿಗೆಳೆಯುವಂಥವೆಂದು ನಿರ್ಣಯಿಸಿ, ಅದೇ ರೂಪದಲ್ಲಿ ಮತ್ತೆ ಪ್ರಕಟಿಸಕೂಡದೆಂದು ಆಜ್ಞಾಪಿಸಿತು. ಆ ನಿರ್ಣಯ ಜಾಹೀರಾತಿಗೆ ಸಂಬಂಧಿಸಿದ್ದು, ಮುಖಚಿತ್ರಕ್ಕಲ್ಲ. ಆದರೂ ಅದರ ನ್ಯಾಯ ಎರಡಕ್ಕೂ ಸಮಾನ.

ಮಳಿಗೆಗಳೂ ಈ ದಿಕ್ಕಿನಲ್ಲಿ ಕೆಲವು ಕಟ್ಟುಗಳನ್ನು ವಿಧಿಸಿವೆ. ಬೆಲೆ, ಸ್ಥಾನಮಾನ ಮೊದಲಾದವುಗಳ ಹೊಗಳಿಕೆಯನ್ನು ಲಾಂಛನದಲ್ಲಿ ಬರೆಯಬಾರದೆಂಬ ನಿಯಮವನ್ನು ಗೂಗಲ್ ಪ್ಲೇ 2021ರಲ್ಲಿ ಜಾರಿಗೆ ತಂದಿತು. ಸ್ಟೀಮ್ ಮಳಿಗೆಯು 2022ರ ಸೆಪ್ಟೆಂಬರ್ 1ರಿಂದ, ಮುಖಚಿತ್ರದಲ್ಲಿ ಆಟದ ಕಲಾಕೃತಿ, ಹೆಸರು, ಅಧಿಕೃತ ಉಪಶೀರ್ಷಿಕೆ ಇವಿಷ್ಟೇ ಇರತಕ್ಕದ್ದೆಂದು ವಿಧಿಸಿತು. ವಿಮರ್ಶಕರ ಅಂಕಗಳು, ಪ್ರಶಸ್ತಿಗಳ ಹೆಸರು, ರಿಯಾಯಿತಿಯ ಘೋಷಣೆ ಎಲ್ಲವೂ ಹೊರಬಿದ್ದವು. ಹೊರಗಿನ ಶಿಫಾರಸು ತೊಲಗಿದ ಮೇಲೆ ಚಿತ್ರವು ತನ್ನ ಯೋಗ್ಯತೆಯ ಬಲದಿಂದಲೇ ನಿಲ್ಲಬೇಕಾಯಿತು. ಇದು ಒಳ್ಳೆಯ ಚಿತ್ರಕಾರನಿಗೆ ಅನುಕೂಲವಾದ ಕಟ್ಟು.

ಇನ್ನು ಅಂಕಿಗಳ ವಿಚಾರ. ಒಂದೇ ಆಟಕ್ಕೆ ಎರಡು ಮೂರು ಚಿತ್ರಗಳನ್ನು ಬೇರೆ ಬೇರೆ ಗ್ರಾಹಕರಿಗೆ ತೋರಿಸಿ ಹೋಲಿಸುವ ಸೌಕರ್ಯ ಗೂಗಲ್ ಪ್ಲೇಯಲ್ಲಿ 2015ರಿಂದ ಇದೆ. ಇದು ಉಪಯುಕ್ತವಾದರೂ, ಏನನ್ನು ಎಣಿಸುತ್ತಿದ್ದೇವೆಂಬ ಎಚ್ಚರ ಬೇಕು. ಸಾವಿರ ಜನರಿಗೆ ತೋರಿಸಿದ ಮೊದಲ ಚಿತ್ರದಿಂದ 60 ಮಂದಿ ಆಟದ ಪುಟವನ್ನು ತೆರೆದು, 6 ಮಂದಿ ಕೊಂಡು, 3 ಮಂದಿ ಹಿಂದಿರುಗಿಸಿದರೆಂದು ಇಟ್ಟುಕೊಳ್ಳೋಣ. ಎರಡನೆಯದರಿಂದ 40 ಮಂದಿ ತೆರೆದು, 8 ಮಂದಿ ಕೊಂಡು, ಒಬ್ಬನು ಮಾತ್ರ ಹಿಂದಿರುಗಿಸಿದನೆನ್ನೋಣ. ತೆರೆದವರನ್ನು ಎಣಿಸಿದರೆ ಮೊದಲನೆಯದು ಗೆದ್ದಿತು. ಉಳಿದ ಗ್ರಾಹಕರನ್ನು ಎಣಿಸಿದರೆ 3ಕ್ಕೆ 7ರಂತೆ ಎರಡನೆಯದು ಗೆದ್ದಿತು. ಇದು ಕೇವಲ ಊಹೆಯ ಲೆಕ್ಕವಾದರೂ ಅದರ ತರ್ಕ ನಿಜವಾದುದು. ಏಕೆಂದರೆ ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣವನ್ನು ಹಿಂದಕ್ಕೆ ಕೇಳಬಹುದು. ಬ್ಯಾಂಕಿನ ಶಾಖೆಯೊಂದು ಎಷ್ಟು ಸಾಲ ಹಂಚಿತೆಂಬುದನ್ನಷ್ಟೇ ನೋಡಿ ಅದರ ಆರೋಗ್ಯವನ್ನು ಹೇಳಲಾಗದು. ಎಷ್ಟು ಮರಳಿ ಬಂದಿತೆಂಬುದನ್ನೂ ನೋಡಬೇಕು. ಮುಖಚಿತ್ರದ ಲೆಕ್ಕವೂ ಹಾಗೆಯೇ.

ಕೊನೆಯದಾಗಿ ನಮ್ಮ ಲಿಪಿಗೆ ಸಂಬಂಧಿಸಿದ ಒಂದು ಮಾತು. ಗೂಗಲ್ ಪ್ಲೇ ಮಳಿಗೆಯಲ್ಲಿ ಆಟದ ಪುಟವನ್ನೂ ಚಿತ್ರಗಳನ್ನೂ ಕನ್ನಡದಲ್ಲಿಯೇ ಒದಗಿಸಲು ಅವಕಾಶವಿದೆ. ಆದರೆ ಆಂಗ್ಲ ಹೆಸರಿಗೆ ಬಿಟ್ಟ ಜಾಗದಲ್ಲಿ ಕನ್ನಡವನ್ನು ತುರುಕಿದರೆ ಸಾಲದು. ನಮ್ಮ ಒತ್ತಕ್ಷರಗಳು ಅಕ್ಷರದ ಕೆಳಗೆ ಇಳಿಯುತ್ತವೆ. ಅಗಲ ಹೆಚ್ಚು ಎತ್ತರ ಕಡಿಮೆಯಿರುವ ಚೌಕಟ್ಟಿನಲ್ಲಿ ಅವುಗಳಿಗೆ ಸ್ಥಳ ಮಾಡಿಕೊಡಲು ಮೂಲಾಕ್ಷರವನ್ನೇ ಕುಗ್ಗಿಸಬೇಕಾಗುತ್ತದೆ. 'ಅಂಗಡಿ' ಎಂಬ ಹೆಸರು ದಪ್ಪವಾಗಿ ನಿಲ್ಲುವ ಜಾಗದಲ್ಲಿ 'ಮಾರುಕಟ್ಟೆ' ಎಂಬುದು ಸಣ್ಣದಾಗುತ್ತದೆ. ಆದುದರಿಂದ ಹೆಸರಿಡುವವನೂ ಅಕ್ಷರ ಬರೆಯುವವನೂ ಆರಂಭದಿಂದಲೇ ಕೂಡಿ ಆಲೋಚಿಸುವುದು ಮೇಲು.

ಹೀಗೆ, ಕಿರಿದಾದಾಗಲೂ ಕಾಣುತ್ತದೆಯೇ, ಆಟದ ಕೆಲಸವನ್ನೂ ಭಾವವನ್ನೂ ಹೇಳುತ್ತದೆಯೇ, ಹೇಳಿದ್ದು ನಿಜವೇ ಎಂಬ ಮೂರು ಪ್ರಶ್ನೆಗಳು ಪರೀಕ್ಷಕನಿಗೆ ಸಾಕು. ಮೊದಲೆರಡರಲ್ಲಿ ಸೋತ ಚಿತ್ರವನ್ನು ತಿದ್ದಿ ಮತ್ತೆ ಹಾಕಬಹುದು. ಮೂರನೆಯದರಲ್ಲಿ ಸೋತವನು ಚಿತ್ರವನ್ನು ಬದಲಿಸಿದರೂ, ಒಮ್ಮೆ ಮೋಸಹೋದ ಗ್ರಾಹಕನು ಅವನ ಮುಂದಿನ ಆಟದ ಪುಟವನ್ನು ತೆರೆಯುವುದು ಕಷ್ಟ.