ಎಂಜಿನ್ ಬದಲಿಸಿದ ಮೇಲೆ ಬ್ಯಾಟರಿ ವೈರ್ ಬಿಚ್ಚಿಟ್ಟರೆ ಸಾಕೇ? ಇಲ್ಲಿದೆ ಸತ್ಯಾಂಶ

ಕಾರಿನ ಎಂಜಿನ್ ಸೀಜ್ ಆದರೆ ಹೊಸದರ ಬೆಲೆ ಕೇಳಿ ಹಲವರು ಸೆಕೆಂಡ್ ಹ್ಯಾಂಡ್ ಎಂಜಿನ್ ಹುಡುಕುತ್ತಾರೆ. ಆಗ ಸಿಗುವ ಸಲಹೆ ಒಂದೇ: "ಎಂಜಿನ್ ಕೂರಿಸಿ, ಹತ್ತು ನಿಮಿಷ ಬ್ಯಾಟರಿ ವೈರ್ ತೆಗೆದಿಡಿ. ಕಂಪ್ಯೂಟರ್ ತಾನೇ ಸೆಟ್ ಆಗುತ್ತದೆ." ಇದು ನಿಜವೇ?

ಅರ್ಧ ಸತ್ಯ ಮಾತ್ರ. ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಓಡಿಸುವಾಗ ಐಡ್ಲಿಂಗ್‌ನಂಥ ಕೆಲವು ಸಣ್ಣ ಹೊಂದಾಣಿಕೆಗಳನ್ನು ಕಲಿತಿರುತ್ತದೆ. ಬ್ಯಾಟರಿ ತೆಗೆದರೆ ಹಲವು ಕಾರುಗಳಲ್ಲಿ ಅಷ್ಟು ಅಳಿಸಿಹೋಗುತ್ತದೆ. ಮೂಲ ಪ್ರೋಗ್ರಾಂ ಬದಲಾಗುವುದಿಲ್ಲ.

ಹಾಗಾದರೆ ಏನು ಹೊಂದಬೇಕು?

ಇಂಜೆಕ್ಟರ್ ಕೋಡ್: ಹಲವು ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೂ ಒಂದು ಕೋಡ್ ಇರುತ್ತದೆ. ನಾಲ್ಕು ಸಿಲಿಂಡರ್‌ಗೆ ನಾಲ್ಕು ಕೋಡ್. ಸ್ಕ್ಯಾನರ್ ಹಚ್ಚಿ ಇವನ್ನು ಇಸಿಯುಗೆ ತುಂಬದಿದ್ದರೆ ಡೀಸೆಲ್ ಅಳತೆ ತಪ್ಪಿ ನಡುಕ, ಹೊಗೆ ಬರಬಹುದು.

ಸೆನ್ಸರ್: ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಯಲು ಹಲ್ಲಿನ ಚಕ್ರವಿರುತ್ತದೆ. ಹಲವು ಎಂಜಿನ್‌ಗಳಲ್ಲಿ 60 ಹಲ್ಲುಗಳ ಜಾಗದಲ್ಲಿ 2 ಬಿಟ್ಟಿರುತ್ತಾರೆ. ಈ ಲೆಕ್ಕ ಬೇರೆಯಾದರೆ ಎಂಜಿನ್ ಸ್ಟಾರ್ಟ್ ಆಗದಿರಬಹುದು.

ಕೀ: ಇಮ್ಮೊಬಿಲೈಸರ್ ಇರುವ ಕಾರಿಗೆ ಬೇರೆ ಕಾರಿನ ಇಸಿಯು ಹಾಕಿದರೆ ನಿಮ್ಮ ಕೀಯನ್ನು ಅದು ಗುರುತಿಸುವುದಿಲ್ಲ. ಹಳೆಯ ಇಸಿಯು ಉಳಿಸಿಕೊಂಡರೆ ಈ ತೊಂದರೆ ಇಲ್ಲ.

"ಎರಡೂ ಅದೇ ಎಂಜಿನ್" ಎಂಬ ಮಾತನ್ನೂ ನಂಬಬೇಡಿ. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟ್‌ನಲ್ಲೂ ಟಾಟಾ ಇಂಡಿಕಾ ವಿಸ್ಟಾದಲ್ಲೂ ಬಂದಿತ್ತು. ಸ್ವಿಫ್ಟ್‌ನದು ಸುಮಾರು 75 ಎಚ್‌ಪಿ, ಎರ್ಟಿಗಾದ್ದು ಸುಮಾರು 90. ಎರ್ಟಿಗಾದ ಟರ್ಬೊ ಬೇರೆ. ಅದರ ರೆಕ್ಕೆಗಳನ್ನು ಹೊರಳಿಸುವುದು ಇಸಿಯು. ಸ್ವಿಫ್ಟ್‌ನ ಪ್ರೋಗ್ರಾಂಗೆ ಆ ಕೆಲಸ ಗೊತ್ತಿಲ್ಲ. ಇಂಥ ಕಾರು ಊರೊಳಗೆ ಓಡಿದರೂ ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುವಾಗ ಎಳೆಯದೆ ನಿಲ್ಲಬಹುದು.

ಏನು ಮಾಡಬೇಕು?

* ಎಂಜಿನ್ ಕೋಡ್, ಮಾಡೆಲ್ ವರ್ಷ, ಬಿಎಸ್-4 ಅಥವಾ ಬಿಎಸ್-6 ಎಂಬುದನ್ನು ಹೋಲಿಸಿ ನೋಡಿ. ಬಿಎಸ್-6 ನಿಯಮ ಬಂದದ್ದು 2020ರ ಏಪ್ರಿಲ್ 1ರಂದು.
* ಎಂಜಿನ್ ಬಿಲ್ ಪಡೆಯಿರಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಕೆಎ-24 ಗಾಡಿಯಾದರೆ ಬೈಲಹೊಂಗಲದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ನಂಬರ್ ತಾಳೆಯಾಗದಿದ್ದರೆ ಇನ್ಶೂರೆನ್ಸ್ ಕ್ಲೇಮ್‌ಗೂ ತಕರಾರು ಬರಬಹುದು.
* ಕಿತ್ತೂರಾಗಲಿ, ರಾಮದುರ್ಗವಾಗಲಿ, ಸ್ಕ್ಯಾನರ್ ಇರುವ ಗ್ಯಾರೇಜ್‌ನಲ್ಲೇ ಕೆಲಸ ಮಾಡಿಸಿ.

ಕೊನೆಯ ಮಾತು: ಬ್ಯಾಟರಿ ವೈರ್ ಬಿಚ್ಚಿದರೆ ಇಸಿಯು ಕಲಿತದ್ದನ್ನು ಮರೆಯುತ್ತದೆ, ಹೊಸ ಪಾಠ ಕಲಿಯುವುದಿಲ್ಲ. ಈ ಸಲಹೆ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ.