ಜೋಲಿಯ ಅಡಿಗೊಂದು ರೈನ್‌ಕೋಟ್ ಬೇಕೇ?

ಆಟಿ ತಿಂಗಳ ಮಳೆಯಲ್ಲಿ ಪುತ್ತೂರಿನ ದರ್ಬೆಯಿಂದ ಸುಬ್ರಹ್ಮಣ್ಯದವರೆಗೆ ಸ್ಕೂಟರಿನಲ್ಲಿ ಹೋದವರಿಗೆ ಇದು ಗೊತ್ತು. ರೈನ್‌ಕೋಟ್ ಎಲ್ಲೂ ಹರಿದಿಲ್ಲ, ಹೊಲಿಗೆಯಲ್ಲೂ ಸೋರಿಲ್ಲ. ಆದರೂ ಇಳಿದು ಗುಂಡಿ ಬಿಚ್ಚಿದರೆ ಒಳಗಿನ ಅಂಗಿ ಒದ್ದೆ. ಮಳೆ ಒಳಗೆ ಬರಲಿಲ್ಲ ನಿಜ, ಬೆವರಿಗೂ ಹೊರಗೆ ಹೋಗಲು ದಾರಿಯಿರಲಿಲ್ಲ.

ಮರಕ್ಕೆ ಹ್ಯಾಮಕ್ ಕಟ್ಟಿ ರಾತ್ರಿ ಕಳೆಯುವ ಹುಡುಗರು ಈಗ ನಮ್ಮಲ್ಲೂ ಇದ್ದಾರೆ. ಅವರನ್ನು ಕಾಡುವ ಒಂದು ಪ್ರಶ್ನೆಗೆ ಉತ್ತರ ಈ ಒದ್ದೆ ಅಂಗಿಯಲ್ಲಿದೆ. ಹ್ಯಾಮಕ್ ಎಂದರೆ ಮಗುವಿಗೆ ಸೀರೆಯಲ್ಲಿ ಕಟ್ಟುವ ಜೋಲಿಯ ದೊಡ್ಡಣ್ಣ. ಎಪ್ರಿಲ್ ಸೆಕೆಯಲ್ಲಿ ಅದರಷ್ಟು ಸುಖ ಬೇರಿಲ್ಲ. ಬೆನ್ನಿನ ಕೆಳಗೂ ಗಾಳಿ ಆಡುತ್ತದೆ. ಡಿಸೆಂಬರಿನಲ್ಲಿ ಅದೇ ಗಾಳಿ ಬೆನ್ನನ್ನು ಕೊರೆಯುತ್ತದೆ. ಒಳಗೆ ದಪ್ಪ ರಜಾಯಿ ಹಾಸಿಕೊಂಡರೂ ಮೈಭಾರಕ್ಕೆ ಅದು ಹಪ್ಪಳ. ರಜಾಯಿ ಬೆಚ್ಚಗಿಡುವುದೇ ತನ್ನ ಎಳೆಗಳ ನಡುವೆ ಹಿಡಿದಿಟ್ಟುಕೊಂಡ, ಅಲುಗಾಡದ ಗಾಳಿಯಿಂದ. ಅದು ಹಿಂಡಿಹೋದ ಮೇಲೆ ಉಳಿಯುವುದು ಬರೀ ಬಟ್ಟೆ. ಅದಕ್ಕೇ ರಜಾಯಿಯನ್ನು ಜೋಲಿಯ ಹೊರಗೆ, ಅಡಿಯಲ್ಲಿ, ಭಾರ ತಾಗದಂತೆ ತೂಗುಹಾಕುತ್ತಾರೆ. ಇದರ ಹೆಸರು ಅಂಡರ್‌ಕ್ವಿಲ್ಟ್. ನಾವು ಅಡಿಕೌದಿ ಎನ್ನೋಣ. ಈ ಅಡಿಕೌದಿಗೆ ಮತ್ತೊಂದು ಹೊದಿಕೆ ತೊಡಿಸಬೇಕೇ?

ಅಡಿಕೌದಿಯನ್ನು ಕೆಡಿಸುವುದು ಗಾಳಿ ಮತ್ತು ನೀರು. ಬೀಸುಗಾಳಿ ಒಳಗಿನ ಬೆಚ್ಚನೆಯ ಗಾಳಿಯನ್ನು ಕದ್ದೊಯ್ಯುತ್ತದೆ. ನೀರಿನದು ಇನ್ನೂ ದೊಡ್ಡ ಕಾಟ. ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ದಾಟಿಸುತ್ತದೆ. ಬಾತಿನ ಪುಕ್ಕ ತುಂಬಿದ ಕೌದಿಯಂತೂ ನೆನೆದರೆ ಮುದ್ದೆಯಾಗುತ್ತದೆ. ಪಾಲಿಯೆಸ್ಟರ್ ತುಂಬಿದ್ದು ಸ್ವಲ್ಪ ತಾಳಿಕೊಳ್ಳುತ್ತದೆ.

ಹಾಗಾದರೆ ಪ್ಲಾಸ್ಟಿಕ್ ಸುತ್ತಿದರಾಯಿತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಸುಬ್ರಹ್ಮಣ್ಯದ ಕಡೆಯ ಪರಿಚಿತರ ತೋಟದಲ್ಲಿ ಒಂದು ಚಳಿಯ ರಾತ್ರಿ, ಅಡಿಕೆ ಒಣಗಿಸುವ ಅಂಗಳಕ್ಕೆ ಹೊದಿಸುವ ಪ್ಲಾಸ್ಟಿಕ್ ಶೀಟನ್ನೇ ಅಡಿಕೌದಿಗೆ ಬಿಗಿಯಾಗಿ ಸುತ್ತಿ ಮಲಗಿದೆ. ಮಳೆಯ ಹನಿಯೂ ಇರಲಿಲ್ಲ. ಬೆಳಗ್ಗೆ ಶೀಟು ಬಿಚ್ಚಿದರೆ ಒಳಮೈ ತುಂಬ ನೀರಿನ ಮಣಿಗಳು, ಕೌದಿಯ ತಳ ತಣ್ಣಗೆ ಅಂಟುತ್ತಿತ್ತು.

ಆ ನೀರು ನನ್ನದೇ. ಬೆವರು ಕಾಣದಿದ್ದರೂ ಚರ್ಮದಿಂದ ದಿನಕ್ಕೆ ಸುಮಾರು 400 ಮಿಲಿಲೀಟರ್ ನೀರು ಆವಿಯಾಗುತ್ತದೆ. ಎಂಟು ಗಂಟೆಯ ನಿದ್ದೆಗೆ ಒಂದು ಸಣ್ಣ ಲೋಟದಷ್ಟು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲದು, 12 ಡಿಗ್ರಿಯದು 11 ಗ್ರಾಂ ಕೂಡ ಹೊರಲಾರದು. ಮೈಬಿಸಿಯ ಗಾಳಿ ತಣ್ಣಗಿನ ಪ್ಲಾಸ್ಟಿಕ್ ತಾಗಿದಾಗ ಹೆಚ್ಚಿನ ಆವಿ ಹನಿಯಾಗದೆ ಏನು ಮಾಡೀತು? ಐಸ್ ಹಾಕಿದ ಪುನರ್ಪುಳಿ ಶರಬತ್ತಿನ ಲೋಟ ಹೊರಗೆ ಬೆವರುವುದೂ ಹೀಗೆಯೇ.

ನಮ್ಮ ಪುತ್ತೂರು, ಸುಳ್ಯದ ರಬ್ಬರ್ ತೋಟದವರು ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ಮಳೆ ಹಿಡಿಯುವ ಮೊದಲು ಮರಕ್ಕೆ ರೈನ್‌ಗಾರ್ಡ್ ಹಾಕುತ್ತಾರಲ್ಲ, ಹತ್ತಿರ ಹೋಗಿ ನೋಡಿ. ಪ್ಲಾಸ್ಟಿಕ್ಕನ್ನು ನೆರಿಗೆ ಹಿಡಿದು, ಮೇಲಂಚನ್ನು ಡಾಂಬರಿನಂಥ ಅಂಟಿನಿಂದ ಕಾಂಡಕ್ಕೆ ಭದ್ರವಾಗಿ ಕೂರಿಸಿರುತ್ತಾರೆ; ಕೆಳಗಂಚು ಲಂಗದ ಹಾಗೆ ತೆರೆದೇ ಇರುತ್ತದೆ. ಕಾಂಡದ ಮೇಲೆ ಹರಿದು ಬರುವ ನೀರು ಆಚೆ ತಿರುಗುತ್ತದೆ, ಒಳಗೆ ಗಾಳಿಯೂ ಆಡುತ್ತದೆ. ಹ್ಯಾಮಕ್‌ಗೆ ಈ ಕೆಲಸ ಮಾಡುವುದು ಮೇಲೆ ಕಟ್ಟುವ ಟಾರ್ಪಾಲು. ಅದು ಎರಡೂ ತುದಿಯಲ್ಲಿ ಜೋಲಿಗಿಂತ ಉದ್ದವಾಗಿ, ಬದಿಗಳಲ್ಲಿ ತಗ್ಗಾಗಿ ಇಳಿದಿದ್ದರೆ ಎರಚಲಿಗೂ ತಡೆ. ಮರದಿಂದ ಹ್ಯಾಮಕ್ ಕಟ್ಟಿದ ಪಟ್ಟಿಯ ಗುಂಟ ಹರಿದು ಬರುವ ನೀರಿಗೆ ಟಾರ್ಪಾಲಿನ ಅಡಿಯಲ್ಲೇ ಒಂದು ತುಂಡು ದಾರ ಕಟ್ಟಿ ಜೋತುಬಿಡಿ. ನೀರು ದಾರ ಹಿಡಿದು ನೆಲಕ್ಕಿಳಿಯುತ್ತದೆ. ಐದು ರೂಪಾಯಿಯ ಈ ದಾರ ಉಳಿಸಿದಷ್ಟು ಕೌದಿಗಳನ್ನು ದುಬಾರಿ ಹೊದಿಕೆಗಳು ಉಳಿಸಿರಲಾರವು ಎಂದು ನನ್ನ ಗುಮಾನಿ.

ಎತ್ತರದ ಬೋಳುಗುಡ್ಡದ ಕಥೆ ಬೇರೆ. ಪ್ರತಿ ಸಾವಿರ ಮೀಟರ್ ಏರಿದಂತೆ ತಾಪ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. 1712 ಮೀಟರಿನ ಕುಮಾರ ಪರ್ವತದ ಎತ್ತರದಲ್ಲಿ ಬುಡದ ಸುಬ್ರಹ್ಮಣ್ಯಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚು ಚಳಿ. ಜೊತೆಗೆ ತಡೆಯಿಲ್ಲದ ಗಾಳಿ, ಅಡ್ಡಡ್ಡ ಬರುವ ಮಂಜು. ಅಂಥ ಕಡೆ, ಅರಣ್ಯ ಇಲಾಖೆಯ ಒಪ್ಪಿಗೆಯಿದ್ದು ತಂಗುವುದಾದರೆ, ಅಡಿಕೌದಿಗೆ ಹೊದಿಕೆ ಬೇಕು. ಅದೂ ಗಾಳಿಯನ್ನು ತಡೆದು ಆವಿಯನ್ನು ಬಿಡುವ ತೆಳು ನೈಲಾನಿನದು, ಕೌದಿಯನ್ನು ಹಿಂಡದಷ್ಟು ಸಡಿಲವಾಗಿ. ಕೆಳಗಿನ ತೋಟ, ಹಾಡಿಗಳಲ್ಲಿ ಅಗಲದ ಟಾರ್ಪಾಲು ಧಾರಾಳ ಸಾಕು.

ಹೊದಿಕೆ ಕೊಳ್ಳುವುದೇ ಆದರೆ ಬಟ್ಟೆ ಆವಿಯನ್ನು ಬಿಡುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿನೀರಿನ ಲೋಟದ ಬಾಯಿಗೆ ಅದನ್ನು ಬಿಗಿದು ಕಟ್ಟಿ, ಮೇಲೆ ತಣ್ಣಗಿನ ಸ್ಟೀಲ್ ಬಟ್ಟಲು ಹಿಡಿಯಿರಿ. ಬಟ್ಟಲಿಗೆ ಮಂಜು ಕವಿದರೆ ಇಟ್ಟುಕೊಳ್ಳಿ, ಕವಿಯದಿದ್ದರೆ ಹಿಂದಿರುಗಿಸಿ.