ಹಳೆಯ ಗಣಕಯಂತ್ರಕ್ಕೆ ಹೊಸ ಕಲಾಯಿ

ಕಲಾಯಿ ಹೋದ ತಾಮ್ರದ ಪಾತ್ರೆಯನ್ನು ನಮ್ಮ ಹಿರಿಯರು ಬೀದಿಗೆ ಎಸೆಯುತ್ತಿರಲಿಲ್ಲ. ಕಲಾಯಿಗಾರನನ್ನು ಕರೆಸಿ, ಅದನ್ನು ಮತ್ತೆ ಅಡುಗೆಗೆ ಯೋಗ್ಯವಾಗಿಸುತ್ತಿದ್ದರು. ಕಾಯಕದಿಂದ ಗಳಿಸಿದ್ದು ವ್ಯರ್ಥವಾಗಬಾರದೆಂಬ ಎಚ್ಚರ ಅದರ ಹಿಂದಿತ್ತು. ಮನೆಯ ಗಣಕಯಂತ್ರದ ವಿಷಯದಲ್ಲಿಯೂ ಆ ಎಚ್ಚರವನ್ನು ನಾವು ತೋರಬಾರದೇಕೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10 ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ ನಿಗದಿತ ಪೀಳಿಗೆಯ ಪ್ರೊಸೆಸರೂ ಬೇಕು. 2015ರಲ್ಲಿ ಕೊಂಡ ನಮ್ಮ ಮನೆಯ ಯಂತ್ರ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಯಂತ್ರವೇನೋ ಸುಸ್ಥಿತಿಯಲ್ಲಿಯೇ ಇತ್ತು. ಅದನ್ನು ಕಸಕ್ಕೆ ಹಾಕಲು ಮನಸ್ಸೊಪ್ಪದೆ ನಾವು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಕಡೆಗೆ ತಿರುಗಿದೆವು.

ಇದರ ಹಿನ್ನೆಲೆ ತಿಳಿಯತಕ್ಕದ್ದು. ತಂತ್ರಾಂಶವು ಎಲ್ಲರೂ ಹಂಚಿಕೊಳ್ಳುವ ವಿದ್ಯೆಯಾಗಿರಬೇಕೆಂದು ಬಯಸಿದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಇಂತಹ ವ್ಯವಸ್ಥೆಗೆ ಬೇಕಾದ ತಿರುಳನ್ನು ಬರೆದು, ಮರುವರ್ಷ ಅದನ್ನು ಗ್ನು ಪರವಾನಗಿಯಡಿ ಬಿಡುಗಡೆ ಮಾಡಿದರು. ಇಂತಹ ತಂತ್ರಾಂಶವನ್ನು ಯಾರಾದರೂ ಬಳಸಬಹುದು, ಒಳಗಿನ ರಚನೆಯನ್ನು ಅಭ್ಯಾಸ ಮಾಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವರು ತಮಗೆ ದೊರೆತ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕೆಂಬುದೇ ಆ ಪರವಾನಗಿಯ ಕಟ್ಟಳೆ. ದಾಸೋಹದ ಅರ್ಥವನ್ನು ಬಲ್ಲ ನಮಗೆ ಇದು ಪರಕೀಯವೆನಿಸದು. ಪುಕ್ಕಟೆ ದೊರೆಯುವುದು ಇಲ್ಲಿ ಗೌಣ. ಪಡೆದುದನ್ನು ಬಚ್ಚಿಡದೆ ಹಂಚುವುದೇ ಮುಖ್ಯ.

ನಾವು ಆರಿಸಿಕೊಂಡದ್ದು ಲಿನಕ್ಸ್ ಮಿಂಟ್ 22. ಇದಕ್ಕೆ ಕನಿಷ್ಠ 2 ಜಿ.ಬಿ. ಸ್ಮರಣೆ ಸಾಕು, 4 ಜಿ.ಬಿ. ಇದ್ದರೆ ಹಿತ. ಡಿಸ್ಕಿನಲ್ಲಿ 20 ಜಿ.ಬಿ. ಸ್ಥಳ ಬೇಕು, 100 ಜಿ.ಬಿ. ಇದ್ದರೆ ಉತ್ತಮ. ಅದನ್ನು ಅಧಿಕೃತ ತಾಣದಿಂದಲೇ ಪಡೆದು, 8 ಜಿ.ಬಿ.ಯ ಪೆನ್ ಡ್ರೈವ್‌ಗೆ ಬರೆದುಕೊಂಡು, ಯಂತ್ರವನ್ನು ಅದರಿಂದಲೇ ಆರಂಭಿಸಬೇಕು. ಡಿಸ್ಕನ್ನು ಅಳಿಸದೆ, ಪೆನ್ ಡ್ರೈವ್‌ನಿಂದಲೇ ಎಲ್ಲವನ್ನೂ ನಡೆಸಿ ನೋಡಲು ಅವಕಾಶವಿದೆ. ಮುದ್ರಕ, ಧ್ವನಿ, ವೈಫೈ ಇವುಗಳನ್ನು ಈ ಹಂತದಲ್ಲಿಯೇ ಪರೀಕ್ಷಿಸಿಕೊಳ್ಳುವುದು ಜಾಣತನ.

ಈ ಪರೀಕ್ಷೆಯೇ ನಮ್ಮನ್ನು ಒಂದು ದೊಡ್ಡ ನಷ್ಟದಿಂದ ಪಾರು ಮಾಡಿತು. ನಮ್ಮ ಮನೆಯ ಹಿರಿಯರು ಹತ್ತು ವರ್ಷಗಳ ಕಾಲ ತಾವು ಕೇಳಿದ ಪ್ರವಚನಗಳ ಸಾರವನ್ನು ಸಂಜೆಯ ಹೊತ್ತು ಕುಳಿತು ಬೆರಳಚ್ಚಿಸಿದ್ದರು. ಸುಮಾರು 300 ಪುಟಗಳು. ಅವರು ಲಿಂಗೈಕ್ಯರಾದ ಮೇಲೆ ಆ ಕಡತವೇ ನಮಗೆ ಅವರ ದನಿಯಾಗಿತ್ತು. ಹೊಸ ವ್ಯವಸ್ಥೆಯಲ್ಲಿ ಅದನ್ನು ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಅರ್ಥಹೀನ ಸಾಲುಗಳು! ನಮ್ಮ ಎದೆ ಒಡೆದಂತಾಯಿತು.

ಕಾರಣ ಆಮೇಲೆ ತಿಳಿಯಿತು. ಅದು ಯುನಿಕೋಡ್ ಬಳಕೆಗೆ ಬರುವ ಮುನ್ನಿನ ಪದ್ಧತಿಯ ಅಕ್ಷರಗಳಲ್ಲಿ ಬರೆದ ಕಡತ. ಆ ಪದ್ಧತಿಯಲ್ಲಿ ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ರೂಪವನ್ನು ತೊಡಿಸಿರುತ್ತಾರೆ. ಆ ನಿರ್ದಿಷ್ಟ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಬೀಳುತ್ತದೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಹಳೆಯ ವ್ಯವಸ್ಥೆಯಿನ್ನೂ ಅಳಿಯದೆ ಇದ್ದುದರಿಂದ ನಾವು ಮೂಲವನ್ನು ಪರದೆಯ ಮೇಲೆ ನೋಡುತ್ತ ಪರಿವರ್ತಿತ ಪಾಠವನ್ನು ತಾಳೆ ನೋಡಿದೆವು. ಒತ್ತಕ್ಷರಗಳು ಅಲ್ಲಲ್ಲಿ ಒಡೆದಿದ್ದವು. ಒಂದು ತಿಂಗಳು, ಪೂಜೆಯ ನಂತರ, ಒಬ್ಬರು ಓದುವುದು ಇನ್ನೊಬ್ಬರು ತಿದ್ದುವುದು ನಡೆಯಿತು. ಮಕ್ಕಳು ಅಜ್ಜನ ಬರಹವನ್ನು ಮೊದಲ ಬಾರಿಗೆ ಓದಿದ್ದು ಆಗಲೇ.

ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚಿಗೆ ತಂದರು. ಗರಿಯಿಂದ ಕಾಗದಕ್ಕೆ ಬಾರದಿದ್ದರೆ ಎಷ್ಟು ವಚನಗಳು ಹುಳುವಿಗೆ ಆಹಾರವಾಗುತ್ತಿದ್ದವೋ! ಇಂದು ನಮ್ಮ ಮನೆಗಳ ಹಳೆಯ ಕಡತಗಳ ಸ್ಥಿತಿಯೂ ಅದೇ. ವ್ಯವಸ್ಥೆಯನ್ನು ಬದಲಾಯಿಸುವವರು ಮಾತ್ರವಲ್ಲ, ಬದಲಾಯಿಸದವರೂ ಅವುಗಳನ್ನು ಯುನಿಕೋಡ್‌ಗೆ ತಂದಿಡುವುದು ಅವಶ್ಯ.

ಆಮೇಲೆ ಕಡತಗಳನ್ನೂ ಛಾಯಾಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೆಂದು ಖಚಿತಪಡಿಸಿಕೊಂಡು, ನಾವು ಹೊಸ ವ್ಯವಸ್ಥೆಯನ್ನು ಸ್ಥಾಪಿಸಿದೆವು. ಜಾಲವನ್ನು ನೋಡಲು ಫೈರ್‌ಫಾಕ್ಸ್, ಬರವಣಿಗೆಗೆ ಲಿಬ್ರೆ ಆಫೀಸ್ ಅದರೊಡನೆಯೇ ಬರುತ್ತವೆ. ಕೀಲಿಮಣೆಯ ಪಟ್ಟಿಗೆ ಕನ್ನಡವನ್ನು ಸೇರಿಸಿಕೊಂಡರೆ ಕ.ಗ.ಪ. ವಿನ್ಯಾಸದಲ್ಲಿ ಬೆರಳಚ್ಚಿಸಬಹುದು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರ ವಿನ್ಯಾಸಗಳೂ ದೊರೆಯುತ್ತವೆ.

ಎಲ್ಲರಿಗೂ ಇದು ಒಗ್ಗುತ್ತದೆಂದು ನಾವು ಹೇಳೆವು. ವಿಂಡೋಸ್‌ಗಾಗಿಯೇ ರಚಿಸಿದ ಲೆಕ್ಕಪತ್ರದ ತಂತ್ರಾಂಶವನ್ನು ನಂಬಿದ ವ್ಯಾಪಾರಸ್ಥರು ಅವಸರಪಡಬಾರದು. ಕೆಲವು ಮುದ್ರಕಗಳು ಹಟ ಮಾಡುತ್ತವೆ. ಆದರೆ ಓದು, ಬರಹ, ಪತ್ರವ್ಯವಹಾರ, ಮಕ್ಕಳ ಅಭ್ಯಾಸ ಇಷ್ಟೇ ಉಳ್ಳ ಮನೆಗೆ ಇದು ಧಾರಾಳವಾಗಿ ಸಾಕು.

ಕಲಿತವರು ಕಲಿಯದವರ ಮನೆಗೆ ಒಂದು ಭಾನುವಾರ ಹೋಗಿ ನೆರವಾಗಲಿ. ಮೂಲೆ ಸೇರಿದ ಯಂತ್ರವೊಂದು ದುರಸ್ತಿಗೊಂಡು ಬಡ ವಿದ್ಯಾರ್ಥಿಯ ಕೈಸೇರಿದರೆ, ಅದೂ ದಾಸೋಹವೇ ಸರಿ. ಆದರೆ ಅದಕ್ಕೂ ಮೊದಲು, ಆ ಯಂತ್ರದೊಳಗೆ ಯಾವ ಹಿರಿಯರ ಅಕ್ಷರ ಉಳಿದಿದೆಯೆಂದು ಒಮ್ಮೆ ತೆರೆದು ನೋಡಿರಿ.